ಎರಡನೆಯ ರೋಗಿಯ ವರದಿ

೨೦೦೬ನೇ ಇಸವಿ. ಶಿರಸಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಮುಖ್ಯ ಶಿಕ್ಷಕಿಯಾಗಿದ್ದೆ. ಮುಖ್ಯ ಎಂದರೆ ದೊಡ್ಡದೇನಲ್ಲ, ಕಲಿಸುವವರು ಇದ್ದದ್ದೇ ಇಬ್ಬರು. ಇನ್ನೊಬ್ಬರು ಟೈಪಿಂಗ್ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಮನೆಯ ತಿಂಡಿ, ಪಾತ್ರೆ ಮುಗಿಸಿ ಬಂದು ಬಾಗಿಲು ತೆಗೆದು, ಮಾನಿಟರುಗಳ ಮೇಲೆ ಹೊದಿಸಿದ ಹಳೇ ಸೀರೆಯ ತುಂಡುಗಳನ್ನು ಮಡಚಿಟ್ಟು, ಕರೆಂಟು ಇದೆಯೋ ಇಲ್ಲವೋ ನೋಡುವುದರಿಂದ ನನ್ನ ದಿನ ಶುರುವಾಗುತ್ತಿತ್ತು. ತೊಂಬತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದಾಗ ಬೇಸಿಕ್ ಕಲಿಸಿದೆ, ಆಮೇಲೆ ಫಾಕ್ಸ್‌ಪ್ರೋ. ಪೈಥಾನ್ ಎಂಬ ಭಾಷೆಯನ್ನು ಮಾತ್ರ ಯಾರೂ ಕಲಿಸಿಕೊಡಲಿಲ್ಲ. ಪುಸ್ತಕ ತರಿಸಿಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ನಾನೇ ಓದಿ ಕಲಿತೆ. ಕಲಿತ ಮೇಲೆ ಅದರಲ್ಲಿ ಏನಾದರೂ ನಿಜವಾದ ಕೆಲಸ ಮಾಡಿ ನೋಡಬೇಕೆಂಬ ಆಸೆ ಹುಟ್ಟಿತು.

ಅಂಥ ಕೆಲಸ ಕೊಟ್ಟವರು ರಫೀಕ್. ನಮ್ಮ ಕೇಂದ್ರದ ಕೆಳಗಿನ ಮಹಡಿಯಲ್ಲೇ ಅವರ ರಕ್ತ ತಪಾಸಣೆಯ ಲ್ಯಾಬ್ ಇತ್ತು. ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ವರದಿ ಬರೆಯುವುದು ಎಲ್ಲವೂ ಅವರೇ. ಕೈಬರಹದ ವರದಿ ಡಾಕ್ಟರರಿಗೆ ಓದಲು ಬರುವುದಿಲ್ಲ ಎಂದು ದೂರು ಬಂದಾಗ ಮಹಡಿ ಹತ್ತಿ ಬಂದು ನನ್ನನ್ನು ಕೇಳಿದರು. ಹೆಸರು ಮತ್ತು ಅಂಕಿಗಳನ್ನು ತುಂಬಿದರೆ ಅಚ್ಚುಕಟ್ಟಾದ ವರದಿ ಮುದ್ರಿಸುವ ಚಿಕ್ಕ ಪ್ರೋಗ್ರಾಂ ಒಂದನ್ನು ಬರೆದುಕೊಟ್ಟೆ.

ಇಲ್ಲಿ ಒಂದು ರೂಢಿಯನ್ನು ಹೇಳಬೇಕು. ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ಬಂದವರು ಬೆಳಿಗ್ಗೆ ರಕ್ತ ಕೊಟ್ಟು, ಸಂತೆ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿಬಿಡುತ್ತಿದ್ದರು. ವರದಿ ಸಂಜೆಯ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಹೋಗುತ್ತಿತ್ತು. ಕಂಡಕ್ಟರ್ ಅದನ್ನು ಊರಿನ ಬಸ್ ನಿಲ್ಲುವ ಜಾಗದ ಅಂಗಡಿಯಲ್ಲಿ ಇಳಿಸುತ್ತಿದ್ದ. ಲಕೋಟೆಯನ್ನು ಅಂಟಿಸುತ್ತಿರಲಿಲ್ಲ. ವರದಿ ಇರುವುದು ಇಂಗ್ಲಿಷಿನಲ್ಲಿ, ಮನೆಯಲ್ಲಿ ಓದುವವರಿಲ್ಲ, ಅಂಗಡಿಯಲ್ಲಿ ಯಾರಾದರೂ ಓದಿ ಹೇಳಿ ಕಳಿಸಲಿ ಎಂದು ಜನರೇ ಹಾಗೆ ಕೇಳಿಕೊಂಡಿದ್ದರು. ಆದ್ದರಿಂದ ರಫೀಕ್ ಒಂದೊಂದು ದಿಕ್ಕಿನ ವರದಿಗಳನ್ನೆಲ್ಲ ಕೂಡಿಟ್ಟು, ಬಸ್ಸಿನ ಹೊತ್ತಿಗೆ ಒಟ್ಟಿಗೆ ಮುದ್ರಿಸುತ್ತಿದ್ದರು.

ನನ್ನ ಮೊದಲ ಪ್ರೋಗ್ರಾಮಿನಲ್ಲಿ ಒಬ್ಬರ ವರದಿ ಮುಗಿದ ಮೇಲೆ ಪರದೆಯ ಕಿಟಕಿ ಮುಚ್ಚಿ, ಇನ್ನೊಬ್ಬರಿಗಾಗಿ ಮತ್ತೆ ತೆರೆಯಬೇಕಿತ್ತು. ರಫೀಕ್ ಬಂದು ಹೇಳಿದರು, "ಅಕ್ಕೋರೆ, ಬಸ್ಸು ಹಾರ್ನ್ ಹೊಡೀತಾ ಇರ್ತದೆ. ಒಬ್ಬೊಬ್ಬರಿಗೂ ಹೀಗೆ ಮುಚ್ಚಿ ತೆಗೆದು ಮಾಡ್ತಾ ಕೂತ್ರೆ ಕಂಡಕ್ಟರ್ ವರದಿ ಬದಲು ನನ್ನೇ ಹತ್ತಿಸ್ಕೊಂಡು ಹೋಗ್ತಾನೆ." ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುವುದು ವಾಡಿಕೆ. ನನ್ನದು ಶಾಲೆಯಲ್ಲದಿದ್ದರೂ ಅವರು ಹಾಗೇ ಕರೆಯುತ್ತಿದ್ದರು. ಕಿಟಕಿ ಮುಚ್ಚದೆಯೇ ಮುಂದಿನ ರೋಗಿಗೆ ಹೋಗುವ ಒಂದು ಗುಂಡಿಯನ್ನು ಸೇರಿಸಿಕೊಟ್ಟೆ. ಹತ್ತಾರು ಹೆಸರು ಹಾಕಿ ಪರೀಕ್ಷಿಸಿದೆ. ಸರಿಯಾಗಿತ್ತು. ವರ್ಷದ ಮೇಲೆ ಯಾವ ತಕರಾರೂ ಇಲ್ಲದೆ ನಡೆಯಿತು.

ಅದನ್ನು ಹಾಗೇ ಬಿಟ್ಟಿದ್ದರೆ ಈ ಬರಹವೇ ಬೇಕಾಗಿರಲಿಲ್ಲ.

೨೦೦೬ರ ಜನವರಿಯಲ್ಲಿ ನಾನು ಪೈಥಾನಿನ ಕ್ಲಾಸುಗಳ ಬಗ್ಗೆ ಓದಿದೆ. ಕ್ಲಾಸ್ ಎಂದರೆ ಒಂದು ಬಗೆಯ ವಸ್ತುವಿನ ನಕ್ಷೆ. 'ರೋಗಿ' ಎಂಬ ಕ್ಲಾಸ್ ಇದ್ದರೆ ಒಬ್ಬೊಬ್ಬ ರೋಗಿಯೂ ಅದರಿಂದ ಹುಟ್ಟಿದ ಒಂದು ಆಬ್ಜೆಕ್ಟ್. ಅಲ್ಲಿಯತನಕ ನನ್ನ ಪ್ರೋಗ್ರಾಮಿನಲ್ಲಿ ಇದ್ದದ್ದು ಬರೀ ಫಂಕ್ಷನ್‌ಗಳು. ಫಂಕ್ಷನ್ ಎಂಬುದು ಪೇಟೆಯ ಹಿಟ್ಟಿನ ಗಿರಣಿಯ ಹಾಗೆ. ಯಾರು ಏನು ತಂದು ಸುರಿಯುತ್ತಾರೋ ಅದನ್ನು ಬೀಸಿ ಕೊಡುತ್ತದೆ, ಇಂಥವರ ಗಿರಣಿ ಎಂದಿಲ್ಲ. ಅದೇ ಫಂಕ್ಷನ್ನನ್ನು ಕ್ಲಾಸಿನ ಒಳಗೆ ಬರೆದು, ಒಂದು ಆಬ್ಜೆಕ್ಟಿನ ಹೆಸರಿಗೆ ಚುಕ್ಕಿ ಇಟ್ಟು ಅದರ ಮೂಲಕ ಕೈಗೆ ತೆಗೆದುಕೊಂಡರೆ ಅದು ಮೆಥಡ್ ಆಗುತ್ತದೆ. ಬರೆಯುವಾಗ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಮೆಥಡ್ ಮನೆಯ ಬೀಸುಕಲ್ಲು. ಅದಕ್ಕೆ ತನ್ನ ಯಜಮಾನ ಯಾರೆಂದು ಗೊತ್ತಿರುತ್ತದೆ, ಆ ಮನೆಯ ಕಾಳನ್ನೇ ಬೀಸುತ್ತದೆ. ಯಜಮಾನನನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇದು ನನಗೆ ಬಹಳ ಚೆಂದ ಕಂಡಿತು. ಮಕ್ಕಳಿಗೆ ಕಲಿಸಲು ಒಂದು ನಿಜವಾದ ಉದಾಹರಣೆಯೂ ಬೇಕಿತ್ತು. ರಫೀಕ್ ಕೇಳದೆ, ಅವರಿಗೆ ಹೇಳದೆ, ಲಿವರ್ ಪರೀಕ್ಷೆಯ ಭಾಗವನ್ನು ಮಾತ್ರ ಕ್ಲಾಸಿಗೆ ಬದಲಾಯಿಸಿ ಲ್ಯಾಬಿನ ಕಂಪ್ಯೂಟರಿಗೆ ಹಾಕಿದೆ. ವರದಿಯ ತಲೆಬರಹ, ಅಂದರೆ ಹೆಸರು, ಊರು, ವಯಸ್ಸು ಮುದ್ರಿಸುವ ಭಾಗ ಫಂಕ್ಷನ್ ಆಗಿಯೇ ಉಳಿಯಿತು. ಅಂಕಿಗಳನ್ನು ಮುದ್ರಿಸುವ ಭಾಗ ಮೆಥಡ್ ಆಯಿತು. ಲಿವರ್ ಪರೀಕ್ಷೆಯ ಕಿಟಕಿ ತೆರೆದಾಗಲೇ ಎದುರಿಗಿದ್ದ ರೋಗಿಯ ಮೆಥಡ್ಡನ್ನು ತೆಗೆದು ಮುದ್ರಣದ ಗುಂಡಿಗೆ ಕಟ್ಟಿಬಿಟ್ಟೆ. ಒಬ್ಬ ರೋಗಿಯ ಹೆಸರು ಹಾಕಿ ಒತ್ತಿದೆ. ವರದಿ ಸರಿಯಾಗಿ ಬಂತು. ಮುಂದಿನ ರೋಗಿಯ ಗುಂಡಿಯನ್ನು ಹಿಂದೆಯೇ ಪರೀಕ್ಷೆ ಮಾಡಿಯಾಗಿದೆಯಲ್ಲ ಎಂದು ಮತ್ತೆ ಮುಟ್ಟಲಿಲ್ಲ. ಮನೆಗೆ ಹೋಗಿ ಖುಷಿಯಲ್ಲಿ ಶಿರಾ ಮಾಡಿದ್ದು ನೆನಪಿದೆ.

ಲಿವರ್ ಪರೀಕ್ಷೆಗೆ ಬರುವವರೇ ಕಡಿಮೆ. ಒಂದು ಬಸ್ಸಿನ ಕಟ್ಟಿನಲ್ಲಿ ಅಂಥದ್ದು ಒಂದಿದ್ದರೆ ಹೆಚ್ಚು. ಹೀಗಾಗಿ ನನ್ನ ತಪ್ಪು ಯಾರ ಕಣ್ಣಿಗೂ ಬೀಳದೆ ಕೂತಿತ್ತು.

ಮಾರ್ಚ್ ಕೊನೆಯಲ್ಲಿ ಪಾಠ ಫಂಕ್ಷನ್ ಮತ್ತು ಮೆಥಡ್ಡಿನ ವ್ಯತ್ಯಾಸಕ್ಕೆ ಬಂತು. ಲ್ಯಾಬಿನ ಪ್ರೋಗ್ರಾಮಿನ ಪ್ರತಿಯನ್ನೇ ತೆರೆದು, ರಾಮ, ಭೀಮ ಎಂದು ಇಬ್ಬರು ರೋಗಿಗಳನ್ನು ಮಾಡಿದೆ. ರಾಮನಿಗೆ ಜೋರು ಕಾಮಾಲೆ, ಭೀಮ ಆರೋಗ್ಯವಂತ. ರಾಮನದ್ದು ಮುದ್ರಿಸಿ, ಮುಂದಿನವರು ಎಂದು ಒತ್ತಿ, ಭೀಮನದ್ದನ್ನೂ ಮುದ್ರಿಸಿದೆ. ಎದುರು ಬೆಂಚಿನ ಹುಡುಗಿ ಎರಡೂ ಕಾಗದ ಹಿಡಿದು ನೋಡಿ, "ಮೇಡಂ, ಭೀಮನ ಮೈಯಲ್ಲೂ ರಾಮನ ರಕ್ತವೇ ಹರೀತಾ ಉಂಟು" ಎಂದಳು. ತರಗತಿ ನಕ್ಕಿತು. ನಾನೂ ನಗುವವಳಿದ್ದೆ. ಅಷ್ಟರಲ್ಲಿ ಕೆಳಗಿನ ಲ್ಯಾಬಿನಲ್ಲೂ ಇದೇ ಪ್ರೋಗ್ರಾಂ ನಡೆಯುತ್ತಿರುವುದು ನೆನಪಾಯಿತು.

ಆದದ್ದಿಷ್ಟು. ಗುಂಡಿಗೆ ನಾನು ಕಟ್ಟಿದ ಮೆಥಡ್ ಕಿಟಕಿ ತೆರೆದಾಗ ಇದ್ದ ಮೊದಲ ರೋಗಿಯನ್ನು ಹಿಡಿದುಕೊಂಡೇ ಕೂತಿತ್ತು. ಪರದೆಯ ಮೇಲೆ ರೋಗಿ ಬದಲಾದರೂ ಅದಕ್ಕೆ ಸುದ್ದಿಯಿಲ್ಲ. ತಲೆಬರಹದ ಫಂಕ್ಷನ್‌ಗೆ ಪ್ರತಿ ಸಲವೂ ಎದುರಿಗಿರುವ ರೋಗಿಯನ್ನು ಕೊಡುತ್ತಿದ್ದರಿಂದ ಹೆಸರು ಮಾತ್ರ ಸರಿಯಾಗಿ ಬರುತ್ತಿತ್ತು. ಹೆಸರು ಎರಡನೆಯವರದ್ದು, ಅಂಕಿ ಮೊದಲನೆಯವರದ್ದು. ಪೈಥಾನ್ ತನ್ನ ನಿಯಮದಂತೆಯೇ ನಡೆದಿತ್ತು. ನಿಯಮವನ್ನು ಅರ್ಧ ಕಲಿತು ಕೆಲಸಕ್ಕೆ ಹಚ್ಚಿದವಳು ನಾನು.

ಮಕ್ಕಳಿಗೆ ಅಭ್ಯಾಸ ಕೊಟ್ಟು ಕೆಳಗೆ ಹೋದೆ. ರಫೀಕ್ ಊಟದ ಡಬ್ಬಿ ತೆರೆದಿದ್ದರು. ವಿಷಯ ಹೇಳಿದೆ. ಅವರು ಕೈ ತೊಳೆದುಕೊಂಡು ಬಂದು ಕಂಪ್ಯೂಟರಿನ ಎದುರು ಕೂತರು. ಒಂದೇ ಬಸ್ಸಿನ ಕಟ್ಟಿನಲ್ಲಿ ಎರಡು ಲಿವರ್ ಪರೀಕ್ಷೆ ಇದ್ದ ದಿನ ಒಂದೇ ಒಂದು, ಫೆಬ್ರವರಿಯಲ್ಲಿ. ಮೊದಲನೆಯವರು ಬಿಳಗಿಯ ಒಬ್ಬರು. ಅವರಿಗೆ ನಿಜವಾಗಿಯೂ ಕಾಮಾಲೆ, ಬಿಲಿರುಬಿನ್ ಎಂಟು ದಾಟಿತ್ತು. ಒಂದರ ಆಸುಪಾಸಿನಲ್ಲಿರಬೇಕಾದ ಅಂಕಿ ಅದು. ಅವರ ವರದಿ ಸರಿಯಾಗಿಯೇ ಹೋಗಿತ್ತು. ಎರಡನೆಯವರು ಹೇರೂರಿನ ಮಹಾಬಲೇಶ್ವರ. ನಮ್ಮ ಮಾಬ್ಲಣ್ಣ.

ನಮ್ಮ ಎಂದದ್ದಕ್ಕೆ ಕಾರಣವಿದೆ. ಸುತ್ತಿನ ಊರುಗಳ ಮದುವೆ, ಉಪನಯನಗಳಿಗೆಲ್ಲ ಅಡಿಗೆಗೆ ಅವನೇ. ನನ್ನ ಮದುವೆಯ ಹೋಳಿಗೆಯೂ ಅವನ ಕೈಯದ್ದೇ. ಹೊಟ್ಟೆ ಉಬ್ಬರವೆಂದು ಸಿದ್ದಾಪುರದ ಡಾಕ್ಟರರ ಹತ್ತಿರ ಹೋದವನಿಗೆ, ಒಮ್ಮೆ ರಕ್ತ ನೋಡಿಸಿಬಿಡಿ ಎಂದಿದ್ದರಂತೆ.

"ನೆನಪಿದೆ ನನಗೆ," ರಫೀಕ್ ಹೇಳಿದರು. "ಸಹಿ ಹಾಕುವಾಗ ಎಂಟರ ಅಂಕಿ ಕಾಣ್ತು. ಬೆಳಿಗ್ಗೆ ಒಬ್ಬರಿಗೆ ಅಷ್ಟು ಬಂದದ್ದು ಗೊತ್ತಿತ್ತಲ್ಲ, ಸರಿ ಅಂತ ಹಾಕಿಬಿಟ್ಟೆ. ಹೆಸರು ನೋಡ್ಲಿಲ್ಲ."

"ಆಮೇಲೆ ಅವ ಬಂದಿದ್ದನಾ?"

"ಹೋದ ವಾರ ಬಂದಿದ್ದ. ಡಾಕ್ಟರು ಕಣ್ಣು ನೋಡಿ ಹಳದಿಯೇ ಇಲ್ಲ, ಇನ್ನೊಮ್ಮೆ ಮಾಡಿಸು ಅಂದ್ರಂತೆ. ಪೂರಾ ಸರಿ ಇತ್ತು. ಇಡಗುಂದಿ ಕಡೆಯವರ ನಾಟಿ ಔಷಧ ತಗೊಂಡಿದ್ದೆ, ಅದ್ರಿಂದ ಗುಣ ಆಯ್ತು ಅಂದ. ನಾನೂ ಹೌದು ಅಂದೆ. ಅಲ್ಲಿಂದೀಚೆ ಇಬ್ಬರಿಗೆ ನಾನೇ ಆ ಔಷಧಿಯವರ ವಿಳಾಸ ಕೊಟ್ಟಿದ್ದೇನೆ, ಅಕ್ಕೋರೆ."

ನಾವಿಬ್ಬರೂ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ರೋಗಿ ಗುಣವಾಗಿದ್ದ, ಔಷಧಿ ಕೊಟ್ಟವರಿಗೆ ಹೆಸರು ಬಂದಿತ್ತು, ಲ್ಯಾಬಿನ ಮಾನ ಉಳಿದಿತ್ತು. ಆದರೆ ಅಡಿಗೆಯವನಿಗೆ ಕಾಮಾಲೆ ಬಂದು ಹೋಗಿದೆ ಎಂಬ ಮಾತಿಗೂ ಬಂದೇ ಇರಲಿಲ್ಲ ಎಂಬ ಮಾತಿಗೂ ಇರುವ ಅಂತರ ನಮ್ಮ ಕಡೆಯವರಿಗೆ ಗೊತ್ತು. ಅದು ಮದುವೆಯ ಕಾಲ ಬೇರೆ. ಬಂದು ಹೋದದ್ದು ತಿರುಗಿ ಬರಬಹುದೆಂದು ಜನ ಹೆದರುತ್ತಾರೆ. ಆ ವರದಿ ಅಂಗಡಿಯಲ್ಲಿ ಎಲ್ಲರೆದುರು ಓದಿಸಿಕೊಂಡೇ ಮನೆ ಸೇರಿತ್ತು.

"ಹೇಳಿದರೆ ನಿಮ್ಮ ಲ್ಯಾಬಿಗೆ ಜನ ಬರುವುದು ಕಡಿಮೆಯಾಗಬಹುದು" ಎಂದೆ.

"ಆಗ್ಲಿ. ಕಾಗದದ ಮೇಲೆ ಸಹಿ ನಂದು" ಎಂದು ಹೊಸ ವರದಿಯ ಹಾಳೆಯನ್ನು ಪ್ರಿಂಟರಿಗೆ ಹಾಕಿದರು. ಕಂಪ್ಯೂಟರಿನಲ್ಲಿ ಉಳಿದಿದ್ದ ಹಳೆಯ ರಕ್ತದ ನಿಜವಾದ ಅಂಕಿಗಳನ್ನು ಮುದ್ರಿಸಿ, ಹಿಂದಿನ ವರದಿ ತಪ್ಪು ಎಂದು ಕೆಳಗೆ ಕನ್ನಡದಲ್ಲಿ ಬರೆದು ಸಹಿ ಮಾಡಿದರು. ಅದರ ಕೆಳಗೆ ನಾನೂ ಸಹಿ ಹಾಕಿದೆ. ಅದನ್ನು ಕಂಡಕ್ಟರ್ ಕೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ.

ಮಾರನೆಯ ದಿನ ತರಗತಿಗೆ ರಜೆ ಹಾಕಿ ಹೇರೂರಿಗೆ ಹೋದೆ. ಮಾಬ್ಲಣ್ಣ ಹೊರಗಿನ ಕಟ್ಟೆಯ ಮೇಲೆ ಕೂತು ದೊಡ್ಡ ಸೌಟುಗಳಿಗೆ ಹುಣಸೆ ಹಚ್ಚಿ ಉಜ್ಜುತ್ತಿದ್ದ. ಮೈ ಅರ್ಧವಾಗಿತ್ತು. ಅಂಗಿಯ ಕುತ್ತಿಗೆ ಅವನ ಕುತ್ತಿಗೆಗಿಂತ ಎಷ್ಟೋ ದೊಡ್ಡದಾಗಿ ಕಂಡಿತು.

"ಬಾ ತಂಗಿ, ಕೂತ್ಕ. ಎಂತ, ಇಷ್ಟು ದೂರ ಬಂದ್ಯೆ? ಮನೇಲಿ ಎಂತಾರೂ ಕಾರ್ಯವಾ?"

ಕೆಲಸ ಸಿಗುತ್ತದೆಂಬ ಆಸೆಯಿಂದ ಅವನು ಹಾಗೆ ಕೇಳಿದ್ದು ನನ್ನನ್ನು ಇನ್ನೂ ಕುಗ್ಗಿಸಿತು. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಮಾಬ್ಲಣ್ಣಾ, ಕಾಮಾಲೆ ಆಗಿದ್ದೇ ಇಲ್ಲೆ. ಆ ಕಾಗದ ತಪ್ಪು. ತಪ್ಪು ಯಂದು."

ಸೌಟು ಉಜ್ಜುವುದು ನಿಂತಿತು. ಅದು ಹೇಗೆ ನನ್ನ ತಪ್ಪೆಂದು ಎಲ್ಲ ಹೇಳಿದೆ. ಫಂಕ್ಷನ್ನು, ಮೆಥಡ್ಡು ಎಂದಲ್ಲ. ಬೇರೆಯವರ ಅಂಕಿ ನಿನ್ನ ಹೆಸರಿನ ಕೆಳಗೆ ಬರುವ ಹಾಗೆ ನಾನು ಮಾಡಿಟ್ಟಿದ್ದೆ ಎಂದು. ಅವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. ಒಳಗಿನಿಂದ ಅವನ ಹೆಂಡತಿ ಸಾವಿತ್ರಿ ಅತ್ತಿಗೆ ಬಂದು ಬಾಗಿಲಲ್ಲಿ ನಿಂತಿದ್ದರು.

ಮಾಬ್ಲಣ್ಣ ನಕ್ಕ. "ಹಂಗಾರೆ ಇಲ್ದೇ ಇದ್ದ ಕಾಯಿಲೆಗೆ ಉಪ್ಪಿಲ್ದೇ ಗಂಜಿ ಉಂಡವ ಆನೊಬ್ನೇ ಆಗಿಕ್ಕು. ತಿಂಗಳ ಮೇಲಾತು, ಒಗ್ಗರಣೆ ವಾಸನೆ ಬಂದ್ರೆ ಮೂಗು ಮುಚ್ಕಂಡು ಕೂತಿದ್ದೆ."

ಅತ್ತಿಗೆ ನಗಲಿಲ್ಲ. "ಅವ್ರಿಗೆ ನಗು. ಮೂರು ಮದುವೆ ಮನೆಯವು ಬಂದು ಬ್ಯಾಡ ಹೇಳಿಕ್ಕೆ ಹೋದ. ಒಬ್ರು ಬಾಗಿಲಾಚೆಗೇ ನಿಂತು ಹೇಳಿದ, ಆಸರಿಗೆ ನೀರೂ ಕುಡಿಯಲ್ಲೆ. ನೀನು ಬಂದು ತಪ್ಪು ಯಂದು ಹೇಳಿದೆ, ಆತು. ಅವ್ಕೆಲ್ಲ ಯಾರು ಹೇಳವು?"

"ಆನೇ ಹೇಳ್ತೆ ಅತ್ತಿಗೆ" ಎಂದೆ.

ಆ ವರದಿಯನ್ನು ಎಲ್ಲಿ ಓದಿ ಹೇಳಿದ್ದರೋ ಅಲ್ಲಿಂದಲೇ ಶುರು ಮಾಡಿದೆ. ಬಸ್ಸು ನಿಲ್ಲುವಲ್ಲಿ ಈಶ್ವರ ನಾಯ್ಕರ ಅಂಗಡಿ. ಬೆಂಚಿನ ಮೇಲೆ ನಾಲ್ಕೈದು ಜನ ಚಾ ಕುಡಿಯುತ್ತಿದ್ದರು. ಹೊಸ ಕಾಗದವನ್ನು ಗಟ್ಟಿಯಾಗಿ ಓದಿ, ಪ್ರೋಗ್ರಾಂ ಬರೆದವಳು ನಾನೇ, ತಪ್ಪು ನನ್ನದೇ ಎಂದೆ.

ನಾಯ್ಕರು ಗ್ಲಾಸು ತೊಳೆಯುತ್ತಲೇ ಕೇಳಿದರು, "ಅಲ್ಲ ಅಕ್ಕೋರೆ, ಕಂಪ್ಯೂಟರ್ ತಪ್ಪು ಮಾಡೂದಿಲ್ಲ ಅಂತ ನೀವೇ ಮಕ್ಕಳಿಗೆ ಕಲ್ಸೂದಲ್ವ?"

"ಅದಕ್ಕೆ ಹೇಳಿಕೊಟ್ಟ ನಾನು ತಪ್ಪು ಮಾಡಿದ್ದೇನೆ."

"ಹಂಗಾರೆ ಇಡಗುಂದಿಯವ್ರು ಗುಣ ಮಾಡಿದ್ದು ಎಂತದ್ನ?"

ಬೆಂಚಿನಲ್ಲಿ ಒಬ್ಬರು, "ಗುಣ ಆದ್ಮೇಲೆ ಆಗಿರ್ಲೇ ಇಲ್ಲ ಅನ್ನೂದು ಸುಲಭ ಬಿಡಿ" ಎಂದರು. ಇನ್ನೊಬ್ಬರು, "ಅಕ್ಕೋರು ಮಾಬ್ಲಭಟ್ಟರಿಗೆ ಸಂಬಂಧ ಆಗ್ಬೇಕೇನೋ" ಎಂದು ಮೆಲ್ಲಗೆ ಸೇರಿಸಿದರು. ಸಿಟ್ಟು ಮಾಡಲು ನನಗೆ ಯಾವ ಹಕ್ಕೂ ಇರಲಿಲ್ಲ. ತಪ್ಪು ಕಾಗದವನ್ನು ಅವರು ಒಂದೇ ಸಲಕ್ಕೆ ನಂಬಿದ್ದರು, ಯಾಕೆಂದರೆ ಅದು ಅಚ್ಚಾಗಿತ್ತು. ಸರಿಯಾದದ್ದನ್ನು ನಂಬಿಸಲು ಮನುಷ್ಯರೊಬ್ಬರು ಎದುರು ನಿಂತಿದ್ದೇ ಸಂಶಯಕ್ಕೆ ಕಾರಣವಾಯಿತು. ಕೊನೆಗೆ ನಾಯ್ಕರು ಕಾಗದ ಇಸಿದುಕೊಂಡು, ಬೆಂಕಿಪೆಟ್ಟಿಗೆ ಇಡುವ ಹಲಗೆಯ ಮೇಲ್ಗಡೆ ಮೊಳೆಗೆ ಚುಚ್ಚಿದರು. "ಇಲ್ಲಿರ್ಲಿ. ಬಂದವ್ರಿಗೆ ನಾನೇ ಹೇಳ್ತೆ. ಮೊದ್ಲಿನದ್ದು ಓದಿ ಹೇಳಿದವ ನಾನೇ ಅಲ್ವ" ಎಂದರು.

ಅವನ ಅಡಿಗೆ ಬೇಡ ಎಂದ ಮೂರು ಮದುವೆ ಮನೆಗಳಿಗೂ ಹೋದೆ. ಎರಡು ಮನೆಯವರು ಪಾಪ ಎಂದರು. ಆದರೆ ಅಡಿಗೆಗೆ ಬೇರೆಯವರನ್ನು ಒಪ್ಪಿಸಿಯಾಗಿತ್ತು. ಮೂರನೆಯ ಮನೆಯ ಯಜಮಾನರು ನನ್ನ ಮಾತನ್ನೆಲ್ಲ ಕೇಳಿ, "ನೋಡನ" ಎಂದಷ್ಟೇ ಹೇಳಿದರು. ನೋಡನ ಎಂದರೆ ನಮ್ಮ ಕಡೆ ಬಹಳ ಸಲ ಇಲ್ಲ ಎಂದೇ ಅರ್ಥ.

ಕಾಗದದ ಮೇಲೆ ಬಿಲಿರುಬಿನ್ ಸರಿಯಾದರೂ ಆ ವರ್ಷದ ಮದುವೆಯ ಕಾಲ ಮಾಬ್ಲಣ್ಣನಿಗೆ ತಿರುಗಿ ಬರಲಿಲ್ಲ. ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ಸತ್ಯನಾರಾಯಣ ಕಥೆ ಇಟ್ಟುಕೊಂಡು ಅಡಿಗೆಗೆ ಅವನನ್ನೇ ಕರೆದೆ. ಹೇರೂರಿನ ಕಡೆಯವರಿಗೆಲ್ಲ ಊಟಕ್ಕೆ ಹೇಳಿಕೆ ಕಳಿಸಿದೆ. ನಮ್ಮ ಮನೆಯವರು ಪಟ್ಟಿ ನೋಡಿ, "ಈ ಪೂಜೆ ದೇವ್ರಿಗೋ ಮಾಬ್ಲಣ್ಣಂಗೋ?" ಎಂದರು. "ಇಬ್ರಿಗೂ" ಎಂದೆ. ರಫೀಕ್ ಬೆಳಿಗ್ಗೆಯೇ ಒಂದು ಬುಟ್ಟಿ ಮಾವಿನಹಣ್ಣು ಕಳಿಸಿ, ಮಧ್ಯಾಹ್ನ ಬಂದು ಎಲ್ಲರಿಗೂ ಕಾಣುವ ಹಾಗೆ ಅಂಗಳದ ಮೊದಲ ಪಂಕ್ತಿಯಲ್ಲೇ ಕೂತು ಉಂಡರು. ಈಶ್ವರ ನಾಯ್ಕರು ಪಾಯಸಕ್ಕೆ ಮೂರು ಸಲ ಕೈ ಒಡ್ಡಿ, "ಭಟ್ರೆ, ಇದ್ರಲ್ಲಿ ಕಾಮಾಲೆ ಇದ್ರೆ ನಂಗೆ ಇನ್ನೊಂದು ಸೌಟು ಹಾಕಿ" ಎಂದು ಗಟ್ಟಿಯಾಗಿ ಹೇಳಿದರು. ಜನ ನಕ್ಕರು. ಆ ನಗು ಬೇಕಿತ್ತು.

ನೋಡನ ಎಂದಿದ್ದ ಮನೆಯವರೂ ಬಂದಿದ್ದರು. ಪ್ರಸಾದ ಕಣ್ಣಿಗೊತ್ತಿಕೊಂಡು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಊಟಕ್ಕೆ ಏಳಿ ಎಂದಾಗ ಯಜಮಾನರಿಗೆ ಹೊಟ್ಟೆ ಸರಿಯಿಲ್ಲ, ಅವರ ಹೆಂಡತಿಗೆ ಒಪ್ಪತ್ತು, ಮಗನಿಗೆ ತುರ್ತು ಕೆಲಸ. ಹಾಕಿಟ್ಟ ಮೂರು ಎಲೆಗಳು ಹಾಗೇ ಉಳಿದವು. ನಾನು ಅವರ ಹಿಂದೆ ಹೊರಟಾಗ ಅಡಿಗೆಮನೆಯ ಬಾಗಿಲಲ್ಲಿ ಮಾಬ್ಲಣ್ಣ ತಡೆದ.

"ಒತ್ತಾಯ ಮಾಡಡ ತಂಗಿ. ಹೆದ್ರಿಕೆ ಇಟ್ಕಂಡು ಉಂಡ್ರೆ ಯನ್ನ ಅಡಿಗೆ ರುಚಿಸ್ತಿಲ್ಲೆ. ಆ ಎಲೆ ತೆಗೆದು ಹಾಕು, ಮುಂದಿನ ಪಂಕ್ತಿ ಕೂರ್ಸನ."

ನಾನೇ ಆ ಎಲೆಗಳನ್ನು ತೆಗೆದೆ.

ಮುಂದಿನ ವರ್ಷದಿಂದ ಅವನನ್ನು ಅಡಿಗೆಗೆ ಕರೆಯುತ್ತಿದ್ದ ಮನೆಗಳು ಒಂದೊಂದಾಗಿ ತಿರುಗಿ ಬಂದವು. ನನ್ನ ಪ್ರೋಗ್ರಾಮಿನ ದುರಸ್ತಿ ಇದಕ್ಕೆಲ್ಲ ಬಹಳ ಮೊದಲು, ತಪ್ಪು ತಿಳಿದ ದಿನವೇ ಮುಗಿದಿತ್ತು. ಮೆಥಡ್ಡನ್ನು ಮುಂಚೆಯೇ ಕಟ್ಟಿಡುವ ಬದಲು, ಗುಂಡಿ ಒತ್ತಿದಾಗ ಎದುರಿಗಿರುವ ರೋಗಿಯಿಂದ ತೆಗೆದುಕೊಳ್ಳುವಂತೆ ಒಂದು ಸಾಲು ತಿದ್ದಿದೆ. ಮೇಜಿನ ಮೇಲಿಟ್ಟ ಚಾ ಆರುವುದರೊಳಗೆ ಆದ ಕೆಲಸ. ಲಕೋಟೆಗಳನ್ನು ಅಂಟಿಸಿಯೇ ಕಳಿಸುವುದೆಂದೂ, ಹೆಸರು ಮತ್ತು ಅಂಕಿ ಎರಡನ್ನೂ ಬಾಯಿಬಿಟ್ಟು ಓದಿದ ಮೇಲೆಯೇ ಸಹಿ ಮಾಡುವುದೆಂದೂ ರಫೀಕ್ ಅಂದೇ ನಿಯಮ ಮಾಡಿಕೊಂಡರು. ಬಸ್ಸು ಎಷ್ಟು ಹಾರ್ನ್ ಹೊಡೆದರೂ ಅವರು ಅದನ್ನು ಬಿಡಲಿಲ್ಲ.

ಆಮೇಲೆ ಎಷ್ಟೋ ವರ್ಷ ಅದೇ ಪಾಠ ಮಾಡಿದ್ದೇನೆ. ಫಂಕ್ಷನ್‌ಗೆ ಯಾರ ಕೆಲಸವೆಂದು ಪ್ರತಿ ಸಲ ಹೇಳಬೇಕು, ಮೆಥಡ್ ಅದನ್ನು ತಾನೇ ಹಿಡಿದುಕೊಂಡಿರುತ್ತದೆ ಎಂದು ಹಲಗೆಯ ಮೇಲೆ ಬರೆಯುವುದು ಸುಲಭ. ಅದನ್ನು ಬರೆದ ಮೇಲೆ ಮಕ್ಕಳಿಗೆ ಇನ್ನೊಂದು ಮಾತು ಹೇಳುತ್ತೇನೆ. ಸರಿಯಾಗಿ ನಡೆಯುತ್ತಿರುವುದನ್ನು ನಿಮ್ಮ ಕಣ್ಣಿನ ಚೆಂದಕ್ಕಾಗಿ ಮುಟ್ಟುವ ಮೊದಲು, ಅದರಿಂದ ಹೊರಬೀಳುವ ಕಾಗದ ಯಾರ ಮನೆಗೆ ಹೋಗುತ್ತದೆಂದು ಹೋಗಿ ನೋಡಿಕೊಂಡು ಬನ್ನಿ. ಪ್ರೋಗ್ರಾಮಿನ ತಪ್ಪನ್ನು ಬರೆದವರು ತಿದ್ದಬಹುದು. ಅದು ಜನರ ಬಾಯಿಗೆ ಬಿದ್ದ ಮೇಲೆ ತಿದ್ದುವುದು ಬರೆದವರ ಕೈಯಲ್ಲಿಲ್ಲ. ಆ ಮೂರನೆಯ ಮನೆಯಲ್ಲಿ ಅದಾದ ಮೇಲೆ ಎರಡು ಮದುವೆ, ಒಂದು ಉಪನಯನ ಆಯಿತು. ಎಲ್ಲದಕ್ಕೂ ನನಗೆ ಕರೆ ಬಂದಿತ್ತು. ಮಾಬ್ಲಣ್ಣನಿಗೆ ಬರಲಿಲ್ಲ.